ಮಗಳು ಓದುತ್ತಿದ್ದ ದೆವ್ವದ ಕಾದಂಬರಿ

ಕತ್ತರಿಗಿಂತ ಬಾಯಿ ಜೋರು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದ ಕ್ಷೌರದಂಗಡಿಯವನಿಗೆ ಹದಿನಾರು ವರ್ಷದ ಮಗಳದೇ ಚಿಂತೆಯಾಗಿತ್ತು. ಹುಡುಗಿಯೊಬ್ಬಳು ದೆವ್ವವನ್ನು ಪ್ರೀತಿಸುವ ಕಾದಂಬರಿಯನ್ನು ಅವಳು ಮೂರನೇ ಸಲ ಓದುತ್ತಿದ್ದಳು. ಮಗಳ ತಲೆ ಕೆಟ್ಟೀತೆಂದು ಹೆದರಿ ಅವನು ಪುಸ್ತಕವನ್ನು ಅಂಗಡಿಗೆ ಒಯ್ದು, ಗಿರಾಕಿಗಳಿಲ್ಲದ ಮಧ್ಯಾಹ್ನ ತಿರುಗುವ ಕುರ್ಚಿಯಲ್ಲಿ ಕೂತು ತಾನೇ ಓದಿದ. ಹೆದರುವಂಥದ್ದೇನೂ ಇರಲಿಲ್ಲ. ಹೆಚ್ಚಿನ ಪುಟಗಳಲ್ಲಿ ಹುಡುಗಿ ಮಾತಾಡುತ್ತಿದ್ದಳು, ದೆವ್ವ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿತ್ತು.

ಸಂಜೆ ಪುಸ್ತಕ ವಾಪಸ್ ಕೊಡುತ್ತ ಕೇಳಿದ: "ಅಲ್ಲಮ್ಮಾ, ಪ್ರೀತಿಸೋಕೆ ಅವಳಿಗೆ ಮನುಷ್ಯರೇ ಸಿಗಲಿಲ್ವಾ? ಈ ದೆವ್ವದಲ್ಲಿ ಅಂಥದ್ದೇನಿದೆ?"

"ಅವಳು ಹೇಳೋದನ್ನ ಪೂರ್ತಿ ಕೇಳುತ್ತೆ ಅಪ್ಪ. ಮಧ್ಯೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ."

"ನಾನೇನು..." ಎಂದು ಶುರುಮಾಡಿದವನು ನಾಲಿಗೆ ಕಚ್ಚಿಕೊಂಡು, ಸ್ಟೂಲೆಳೆದು ಅವಳೆದುರು ಕೂತ.

ಮಗಳು ಸ್ವಲ್ಪ ಹೊತ್ತು ಕಾದು ನೋಡಿದಳು. ಆಮೇಲೆ, ಜೀವದ ಗೆಳತಿ ಒಂದು ತಿಂಗಳಿಂದ ತನ್ನೊಡನೆ ಮಾತು ಬಿಟ್ಟಿರುವುದನ್ನು, ಊಟದ ಬಿಡುವಿನಲ್ಲಿ ತಾನೊಬ್ಬಳೇ ಶಾಲೆಯ ಮೆಟ್ಟಿಲ ಮೇಲೆ ಕೂರುವುದನ್ನು ಹೇಳತೊಡಗಿದಳು. ನಾಲ್ಕು ಸಲ ಉಪದೇಶ ಅವನ ಗಂಟಲವರೆಗೆ ಬಂತು. ನಾಲ್ಕು ಸಲವೂ ನುಂಗಿಕೊಂಡ. ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಹಗುರಾಗಿತ್ತು.

"ನಾಳೆ ಶಾಲೇಲಿ ಏನಾಗುತ್ತೋ ಅದನ್ನೂ ಬಂದು ಹೇಳ್ತೀಯಾ?" ಎಂದಷ್ಟೇ ಅವನು ಕೇಳಿದ.