ಕೈಯಾಗೇನೈತೆ ಹೇಳ್ರಿ

ರೋಗಿ ಬಾಗಿಲಿಗೆ ಬಂದೊಡನೆ ಡಾಕ್ಟರ್ ಕುತುಬುದ್ದೀನ್ ನೋಡುವುದು ಮುಖವನ್ನಲ್ಲ, ಪಾದವನ್ನು. ಯಾವ ಕಾಲು ತಡವರಿಸಿತು, ಯಾವ ಚಪ್ಪಲಿ ಕಳಚಿದ್ದೇ ತಿಳಿಯದೆ ಮೆಟ್ಟಿಲ ಮೇಲೆ ಉಳಿಯಿತು ಎಂಬುದನ್ನು ಕಂಡುಕೊಂಡ ಮೇಲೆಯೇ ಅವರು 'ಬರ್ರಿ, ಕೂಡ್ರಿ' ಎನ್ನುತ್ತಾರೆ. ದಾವಣಗೆರೆಯ ಸುಡುಬೇಸಿಗೆಯಲ್ಲೂ ಮೈಯಿಂದಿಳಿಯದ, ತೊಳೆದದ್ದನ್ನು ಯಾರೂ ಕಾಣದ ಆ ಬೂದು ಕೋಟಿನ ಜೇಬಿನಲ್ಲಿ ಬೀಗದ ಕೈ, ಹುಣಸೆಬೀಜ, ಒಂದು ನಟ್ಟು ಸದಾ ಇರುತ್ತವೆ. ಕಣ್ಣು ಮುಚ್ಚಿಸಿ, ಅಂಗೈಗೆ ಒಂದನ್ನಿಟ್ಟು ಕೇಳುತ್ತಾರೆ: 'ಕೈಯಾಗೇನೈತೆ ಹೇಳ್ರಿ.' ಏಡ್ಸ್ ರೋಗಿಯ ಮಿದುಳು ಕೆಟ್ಟಿರುವುದನ್ನು ಸ್ಕ್ಯಾನಿಗಿಂತ ಮೊದಲು ಅಂಗೈ ಹೇಳುತ್ತದೆಂಬುದು ಅವರ ಹಠ.

ಹರಿಹರದ ನಮ್ಮ ಓಣಿಯ ಸಿದ್ದು ಲೇತ್ ಮಷಿನ್ನಿನ ಕೆಲಸಗಾರ. ಕೂದಲೆಳೆಯ ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುತ್ತಿದ್ದವನು. ಏಡ್ಸ್ ತಗುಲಿದ್ದ ಅವನಿಗೆ ತಲೆನೋವು ಬಿಡದೆ ಕಾಡತೊಡಗಿದಾಗ, ಅವನನ್ನೂ ಹೆಂಡತಿ ದುರ್ಗಾಳನ್ನೂ ನನ್ನ ಗೆಳೆಯರಾದ ಈ ಡಾಕ್ಟರ ಬಳಿ ಕರೆದೊಯ್ದವನು ನಾನೇ. ಅಂಗೈಯಲ್ಲಿದ್ದ ನಟ್ಟನ್ನು ತಿರುವಿ ತಿರುವಿ ಸಿದ್ದು, 'ಏನೂ ಇಲ್ರಿ' ಎಂದ.

ಸ್ಕ್ಯಾನಿನಲ್ಲಿ ಮಿದುಳೊಳಗೆ ಉಂಗುರದಂಥ ಕಲೆಗಳು. ಗುಳಿಗೆಗೆ ಬಗ್ಗುವ ಸೋಂಕೂ ಆಗಿರಬಹುದು, ಕ್ಯಾನ್ಸರಿನ ಗಡ್ಡೆಯೂ ಆಗಿರಬಹುದು. ಚಿತ್ರದಲ್ಲಿ ಎರಡೂ ಒಂದೇ ಥರ. ಸೋಂಕಿನ ಗುಳಿಗೆ ಕೊಟ್ಟು ಹದಿನೈದು ದಿನ ಕಾಯಬೇಕು. ಚೇತರಿಸಿಕೊಂಡರೆ ಸೋಂಕು, ಇಲ್ಲವಾದರೆ ತಡಮಾಡದೆ ಬೆಂಗಳೂರಿಗೆ ಒಯ್ದು ತಲೆಬುರುಡೆ ಕೊರೆಸಿ, ಚೂರು ತೆಗೆಸಿ ಪರೀಕ್ಷಿಸಬೇಕು. ಕುತುಬುದ್ದೀನ್ ದುರ್ಗಾಳಿಗೆ ಬಿಡಿಸಿ ಹೇಳಿದರು: 'ತಲೆನೋವು ಜಾಸ್ತಿ ಆತಂತ ಬಾವು ಇಳಿಸೋ ಇಂಜೆಕ್ಷನ್ ಎಲ್ಲೂ ಹಾಕಿಸಬ್ಯಾಡವ್ವ. ಯಾವ ರೋಗ ಇದ್ರೂ ಅದು ನಾಕು ದಿನ ಆರಾಮ ಮಾಡಿ ತೋರಿಸ್ತೈತೆ. ನಾನು ಮೋಸ ಹೋಗ್ತೀನಿ.'

ಹದಿನೈದು ದಿನಕ್ಕೆ ಮರಳಿ ಹೋದಾಗ ಸಿದ್ದು ನಡೆದೇ ಒಳಬಂದ; ಕಣ್ಣು ಮುಚ್ಚಿಕೊಂಡೇ ನಟ್ಟಿನ ಅಳತೆಯನ್ನೂ ಹೇಳಿದ. ಸ್ಕ್ಯಾನಿನಲ್ಲಿ ಕಲೆಗಳು ಕುಗ್ಗಿದ್ದವು. ನಗುವೆಂದರೆ ದೂರವಿದ್ದ ಕುತುಬುದ್ದೀನ್ ಅಂದು ನಕ್ಕರು, ಬೆಂಗಳೂರಿನ ಮಾತು ಕೈಬಿಟ್ಟು ಅದೇ ಗುಳಿಗೆ ಮುಂದುವರಿಸಿದರು. ಮುಂದಿನ ತಿಂಗಳು ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ತಂದೆವು. ಮಾತು ನಿಂತಿತ್ತು, ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ. ಹೊಸ ಸ್ಕ್ಯಾನಿನಲ್ಲಿ ಕಲೆಗಳು ಹಬ್ಬಿದ್ದವು; ಗುಳಿಗೆಗೆ ಬಗ್ಗದ ಅದು ಗಡ್ಡೆಯೇ ಆಗಿತ್ತು. ಇನ್ನು ಯಾವ ಊರಿಗೆ ಒಯ್ದರೂ ಪ್ರಯೋಜನವಿಲ್ಲದಷ್ಟು ಬೆಳೆದಿತ್ತು.

ಆಗ ದುರ್ಗಾ ಬಾಯಿಬಿಟ್ಟಳು: 'ನೋವಿಗೆ ಗ್ವಾಡಿಗೆ ತಲೆ ಬಡ್ಕಂತಿದ್ರು. ನೋಡಾಕ ಆಗ್ಲಿಲ್ರಿ. ಊರಾಗೇ ಒಬ್ರತ್ರ ಆ ಇಂಜೆಕ್ಷನ್ ಹಾಕಿಸ್ತಿದ್ದೆ. ನೀವು ಬೈತೀರಂತ ಹೇಳ್ಲಿಲ್ಲ.' ಆಮೇಲೆ ಕೇಳಿದಳು: 'ಅದರಿಂದಾನೇ ಹಿಂಗಾತೇನ್ರಿ?'

ರೋಗದ ಹೆಸರನ್ನು ಯಾರಿಂದಲೂ ಮುಚ್ಚಿಡದ, ಸಾಯುವವನೆದುರು ಸಾವನ್ನೇ ಹೇಳಿಬಿಡುವ ಆ ನಿಷ್ಠುರ ಮನುಷ್ಯ ಸ್ಕ್ಯಾನಿನ ಚಿತ್ರವನ್ನು ಲಕೋಟೆಯೊಳಗೆ ಸೇರಿಸಿದರು. 'ಇಲ್ಲ ತಾಯಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಪ್ಪಿದ್ದು ನಾನು' ಎಂದರು.

ಸಿದ್ದು ಆ ವಾರವೇ ತೀರಿಕೊಂಡ. ಕಾಣದ ರೋಗಕ್ಕೆ ಹೆಸರು ಹುಡುಕುವ ಇಂಥವರನ್ನು ನಾವು ಜ್ಞಾನಿಗಳೆಂದು ಗೌರವಿಸುತ್ತೇವೆ. ನನಗೀಗ ಅವರನ್ನು ಕಂಡರೆ ಬರೀ ಮರುಕ. ಸತ್ಯವನ್ನು ಪತ್ತೆಹಚ್ಚುವುದೇ ಕಸುಬಾದವರಿಗೆ ಕೊನೆಗೆ ಅದನ್ನು ಬಚ್ಚಿಡುವುದೊಂದೇ ಚಿಕಿತ್ಸೆಯಾಗಿ ಉಳಿಯುತ್ತದೆ. ಅದೂ ರೋಗಿಗಲ್ಲ, ಅವನನ್ನು ಮಣ್ಣುಮಾಡಿ ಬದುಕಬೇಕಾದವಳಿಗೆ.