ನೆಲ ಮುಟ್ಟದ ಪೆಟ್ಟಿಗೆ

ಮನೆಯಿಂದ ಹೊರಟ ಶವಪೆಟ್ಟಿಗೆ ಗೋರಿ ಸೇರುವವರೆಗೆ ನೆಲ ಮುಟ್ಟಬಾರದು. ಮುಟ್ಟಿದರೆ ಸತ್ತವರ ಜೀವ ಆ ದಾರಿಯಲ್ಲೇ ಅಲೆಯುತ್ತದೆ, ಅವರ ಪಂಥವೂ ಅಲ್ಲಿಗೆ ಮುಗಿದಂತೆ. ಚಿಂಗ್ಯಾ ಬೆಟ್ಟದ ಕತ್ತಿವರಸೆಯ ಶಿಷ್ಯರಿಗೆ ಇದು ಎಷ್ಟು ಗೊತ್ತಿತ್ತೋ ಅವರ ಶತ್ರುಗಳಿಗೂ ಅಷ್ಟೇ ಗೊತ್ತಿತ್ತು.

ಕಾಂಗ್ ತಿಯೆ ಮೆರವಣಿಗೆಯ ಮುಂದೆ ನಡೆಯುತ್ತಿದ್ದ. ಮೈಮೇಲೆ ಸೂತಕದ ಬಿಳಿ ಸೆಣಬಿನ ಬಟ್ಟೆ, ಸೊಂಟದಲ್ಲಿ ಗುರುಗಳ ಕತ್ತಿ. ಇವತ್ತಿನಿಂದ ಪಂಥಕ್ಕೆ ಅವನೇ ಯಜಮಾನ. ಅವನ ಹಿಂದೆ ದಪ್ಪ ತೊಲೆಗೆ ತೂಗುಹಾಕಿದ ಗುರುಗಳ ಪೆಟ್ಟಿಗೆ. ಹೊರುವವರು ಮುಂದೆ ನಾಲ್ವರು, ಹಿಂದೆ ನಾಲ್ವರು. ಏರುದಾರಿಯಲ್ಲಿ ಭಾರವೆಲ್ಲ ಹಿಂದಿನವರ ಮೇಲೆ. ಅಲ್ಲಿ ಕಡೆಯ ಹೆಗಲು ಪೆಯಿ ಯಾನ್‌ಳದು.

"ಭಾರ ಆದ್ರೆ ಹೇಳವ್ವಾ ಪೆಯಿ, ನನ್ನ ಹೆಂಡ್ತೀನ ಕರೀತೀನಿ. ಅವಳು ನಿನ್ನಂಥೋರು ಇಬ್ರ ಸಮ ಇದಾಳೆ," ಎಂದ ಅವಳ ಪಕ್ಕದ ಮುದುಕ ಚೂ.

"ಬೇಡ ಮಾವ, ಅವರು ಬಂದ್ರೆ ನಿಮ್ಮನ್ನೂ ಹೊರಬೇಕಾಗತ್ತೆ," ಎಂದಳು ಅವಳು, ಮೆಲ್ಲಗೆ.

ಹೊರುವವರೆಲ್ಲ ನಕ್ಕರು. ಕಾಂಗ್‌ನಿಗೂ ನಗು ಬಂತು. ಗುರುಗಳ ಕಿರಿಯ ಶಿಷ್ಯೆಯಾದ ಈ ತಂಗಿ ಯಾವ ಪಂದ್ಯದಲ್ಲೂ ಕತ್ತಿ ಎತ್ತಿದ್ದನ್ನು ಅವನು ಕಂಡಿರಲಿಲ್ಲ. ಗುರುಗಳು ಮಾತ್ರ ಅವಳಿಗೆ ಬೆಳಗಿನ ಹೊತ್ತು ಒಬ್ಬಳಿಗೇ ಪಾಠ ಹೇಳುತ್ತಿದ್ದರು. ಯಾಕೆಂದು ಅವನು ಕೇಳಿರಲಿಲ್ಲ.

ಇಕ್ಕಟ್ಟಿನ ತಿರುವಿನಲ್ಲಿ ಶಾ ಬೋಲಿಯಾಂಗ್ ನಿಂತಿದ್ದ. ಗುರುಗಳ ಜೊತೆಯಲ್ಲೇ ವಿದ್ಯೆ ಕಲಿತು, ಕತ್ತಿಗೆ ವಿಷ ಸವರಿದ್ದಕ್ಕೆ ಬೆಟ್ಟದಿಂದ ಹೊರಬಿದ್ದವನು.

"ಕಾಂಗ್, ಮಗನೇ, ಅಣ್ಣನ ಮುಖ ನೋಡೋಕೆ ಬಂದಿದೀನಿ. ಒಂದು ಗಳಿಗೆ ಕೆಳಗಿಡ್ರಪ್ಪ."

"ನೋಡೋ ಆಸೆ ಇದ್ದಿದ್ರೆ ಬದುಕಿದ್ದಾಗ ಬರ್ಬೇಕಿತ್ತು, ಚಿಕ್ಕ ಗುರುಗಳೇ."

"ಆಗ ನಿಮ್ಮ ಗುರು ಎದ್ದು ಕೂತು ಬಯ್ತಿದ್ದ ಕಣೋ. ಈಗ ಮಲಗಿದಾನೆ, ಸುಖವಾಗಿದೆ," ಎಂದು ಶಾ ಸಿಳ್ಳೆ ಹಾಕಿದ.

ಪೊದೆಗಳಿಂದ ಸರಪಳಿಗೆ ಕಟ್ಟಿದ ಕುಡುಗೋಲುಗಳು ಹಾರಿಬಂದವು. ದಣಿವಾದಾಗ ಪೆಟ್ಟಿಗೆಗೆ ಆಸರೆ ಕೊಡುವ ಮಣೆಗಳು ಮೊದಲು ಚೂರಾದವು. ಆಮೇಲೆ ಕುಡುಗೋಲುಗಳು ನೆಲ ಸವರಿಕೊಂಡೇ ಬಂದವು. ಅವಕ್ಕೆ ಬೇಕಾಗಿದ್ದದ್ದು ಕಾಲುಗಳು.

ಕಾಂಗ್ ಕತ್ತಿ ಹಿರಿದು ನುಗ್ಗಿದ. ಮೊದಲು ಸಿಕ್ಕವನ ಹೊಟ್ಟೆ ಸೀಳಿದ, ಮತ್ತೊಬ್ಬನ ಕತ್ತು ಅರ್ಧಕ್ಕೆ ಜೋತುಬಿತ್ತು. ಕೈ ಚೆನ್ನಾಗಿ ಓಡುತ್ತಿದೆ ಎಂಬ ಖುಷಿಯಲ್ಲಿ ಅವನು ಹಿಂದೆ ನೋಡಲಿಲ್ಲ. ನೋಡಿದಾಗ ಮುದುಕ ಚೂನ ಒಂದು ಮೊಣಕಾಲ ಕೆಳಗೆ ಏನೂ ಇರಲಿಲ್ಲ. ಅವನು ಉಳಿದ ಕಾಲಿನ ಮೇಲೆ ನಿಂತು ತೊಲೆ ತಬ್ಬಿಕೊಂಡಿದ್ದ. ಹಾಗೇ ಜಾರಿ ಸತ್ತ. ಹಿಂದಿದ್ದ ಇನ್ನಿಬ್ಬರೂ ಬಿದ್ದಿದ್ದರು. ಮುಂದೆ ಉಳಿದವನು ಹಾನ್ ಒಬ್ಬನೇ. ಪೆಟ್ಟಿಗೆಯ ಮೂಲೆ ವಾಲಿತು. ನೆಲಕ್ಕೆ ಗೇಣು ಇತ್ತೋ ಇಲ್ಲವೋ.

ಪೆಯಿ ಯಾನ್ ಕಾಲೂರಿದಳು. ಅವಳ ಅಡಿಯ ಬಂಡೆ ಹಸಿಮಣ್ಣಿನಂತೆ ಕುಸಿದು ಪಾದ ಒಳಗಿಳಿಯಿತು. ತೊಲೆ ನರಳಿತು. ಪೆಟ್ಟಿಗೆ ಮೇಲೆದ್ದು ನೆಟ್ಟಗಾಯಿತು.

ಒಂದು ಸರಪಳಿ ಅವಳ ಕಾಲಿಗೆ ಸುತ್ತಿಕೊಂಡಿತು. ಅವಳು ಕಾಲು ಜಗ್ಗಿದಳು. ಸರಪಳಿ ಹಿಡಿದವನು ಹಾರಿಬಂದು ಬಂಡೆಗೆ ಅಪ್ಪಳಿಸಿದ, ತಲೆ ಮಣ್ಣಿನ ಕುಡಿಕೆಯಂತೆ ಒಡೆಯಿತು. ಇನ್ನೊಬ್ಬ ಕತ್ತಿ ಬೀಸಿದ. ಖಾಲಿ ಇದ್ದ ಕೈಯಲ್ಲಿ ಅವನ ಮಣಿಕಟ್ಟು ಹಿಡಿದು ತಿರುಚಿ, ಅವನ ಕತ್ತಿಯನ್ನೇ ಅವನ ಗಂಟಲಿಗೆ ನಾಟಿದಳು. ಈರುಳ್ಳಿ ಹೆಚ್ಚುವಷ್ಟು ಸದ್ದೂ ಆಗಲಿಲ್ಲ. ಅವಳು ಮುಂದಿನ ಹೆಜ್ಜೆ ಇಟ್ಟಳು.

"ಅಣ್ಣಾ, ಕತ್ತಿ ಬಿಸಾಕಿ. ಮುಂದೆ ಹೆಗಲು ಕೊಡಿ."

ಕಾಂಗ್‌ನ ಕತ್ತಿ ಆಗ ಶಾನ ಕತ್ತಿಗೆ ತಗುಲಿಕೊಂಡಿತ್ತು. ಜಗಳದ ನಡುವೆ ಕತ್ತಿ ಕೈಬಿಟ್ಟವನನ್ನು ಯಾವ ಪಂಥವೂ ಯಜಮಾನನೆಂದು ಒಪ್ಪುವುದಿಲ್ಲ. ಅತ್ತ ಹಾನ್‌ನ ಹೆಗಲಿನಿಂದ ತೊಲೆ ಜಾರುತ್ತಿತ್ತು.

ಅವನು ಕತ್ತಿ ಬಿಸಾಡಿ, ಓಡಿಹೋಗಿ ಹೆಗಲು ಕೊಟ್ಟ.

"ಅಯ್ಯೋ, ಯಜಮಾನ ಹೋಗಿ ಕೂಲಿಯಾದ!" ಶಾ ನಗುತ್ತಲೇ ಅವನ ಬರಿ ಕುತ್ತಿಗೆಯತ್ತ ಕತ್ತಿಯೆತ್ತಿ ಹಾರಿದ.

ಹಿಂದೆ ಪೆಯಿ ಯಾನ್ ತೊಲೆಗೆ ಅಂಗೈ ತಟ್ಟಿದಳು, ಮಗುವಿನ ಬೆನ್ನು ತಟ್ಟುವಷ್ಟೇ. ಮರದೊಳಗೆ ಏನೋ ಬಿಸಿಯಾಗಿ ಕಾಂಗ್‌ನ ಹೆಗಲು ದಾಟಿ ಹರಿಯಿತು. ತೊಲೆಯ ತುದಿಯಿಂದ ಅದು ಸಿಡಿದಾಗ ಶಾನ ಬಲತೋಳು ಒಡೆದು, ಬಿಳಿ ಮೂಳೆ ಚರ್ಮ ಹರಿದು ಹೊರಬಂತು. ಉಳಿದವರು ಕುಡುಗೋಲು ಬಿಟ್ಟು ಇಳಿಜಾರಿನಲ್ಲಿ ಓಡಿದರು.

"ನೀವು ಜೊತೆಗೆ ಬನ್ನಿ," ಎಂದಳು ಅವಳು ಶಾನಿಗೆ. ಅವನು ತೋಳು ಎದೆಗೊತ್ತಿಕೊಂಡು ಬಂದ.

ಗುಂಡಿ ತೋಡುವವರು ಕಿರುಚಾಟ ಕೇಳಿ ಪರಾರಿಯಾಗಿದ್ದರು. ಕಾಂಗ್, ಹಾನ್, ಪೆಯಿ ಯಾನ್ ಮೂವರೂ ತೊಲೆಯ ತುದಿಗಳನ್ನು ಗುಂಡಿಯ ಆಚೀಚೆ ಕಲ್ಲುಗಳ ಮೇಲೆ ಕೂರಿಸಿದರು. ಪೆಟ್ಟಿಗೆ ಗುಂಡಿಯ ಮೇಲೆ ತೂಗಿತು. ಇಳಿಸಲು ಮೂಲೆಗೊಂದರಂತೆ ನಾಲ್ಕು ಹಗ್ಗ, ಇದ್ದವರು ಮೂವರು.

ಅವಳು ನಾಲ್ಕನೆಯ ಹಗ್ಗವನ್ನು ಶಾನ ಮುಂದೆ ಚಾಚಿದಳು.

"ತಂಗೀ, ಇವನು ಬಿಟ್ಟುಬಿಟ್ರೆ ಗುರುಗಳು ತಲೆಕೆಳಗಾಗಿ ಬೀಳ್ತಾರೆ!" ಎಂದ ಕಾಂಗ್.

"ನನ್ನ ಕೈ ಮುರಿದಿದೀಯಲ್ಲೇ," ಎಂದ ಶಾ.

"ಇನ್ನೊಂದಿದೆಯಲ್ಲ, ಚಿಕ್ಕ ಗುರುಗಳೇ."

ಶಾ ಹಗ್ಗವನ್ನು ಎಡಗೈಗೆ ಸುತ್ತಿಕೊಂಡ. ಪೆಟ್ಟಿಗೆ ಇಳಿಯತೊಡಗಿತು. ಕಾಂಗ್ ತನ್ನ ಹಗ್ಗ ನೋಡಲೇ ಇಲ್ಲ, ಶಾನ ಬೆರಳುಗಳನ್ನೇ ನೋಡುತ್ತಿದ್ದ. ಅಂಗೈಯ ತೊಗಲು ಸುಲಿದು ಹಗ್ಗ ಕೆಂಪಾಯಿತು. ಒಮ್ಮೆ ಜಾರಿತು. ಶಾ ಹಲ್ಲಿನಿಂದ ಕಚ್ಚಿ ಹಿಡಿದ.

ಕೆಳಗೆ ಮಣ್ಣಿಗೆ ಮರ ತಾಗಿದ ಸದ್ದು, ನಾಲ್ಕು ಮೂಲೆಗಳಿಂದಲೂ ಒಟ್ಟಿಗೆ.

ಕಾಂಗ್ ಹಗ್ಗ ಬಿಟ್ಟ. ಹಾನ್ ಬಿಟ್ಟ. ಪೆಯಿ ಯಾನ್ ಬಿಟ್ಟು ಸಲಿಕೆ ತೆಗೆದುಕೊಂಡಳು.

"ಸಾಕು, ಬಿಡಿ," ಎಂದಳು.

ಶಾ ಬಿಡಲಿಲ್ಲ. ಹಗ್ಗ ಕಚ್ಚಿಕೊಂಡೇ ಗುಂಡಿಯ ಅಂಚಿನಲ್ಲಿ ಮಂಡಿಯೂರಿದ್ದ. ಅವಳು ಅವನನ್ನು ಸುತ್ತಿಕೊಂಡು ಹೋಗಿ, ಆಚೆ ಕಡೆಯಿಂದ ಮಣ್ಣೆಳೆಯಲು ಶುರು ಮಾಡಿದಳು.