ಒಂದಿಷ್ಟು ಸಡಿಲ

ಕಂಪ್ಯೂಟರ್ ಅಂಗಡಿಯವನು ಡಿಸ್ಕಿನ ಕೇಸಿನ ಮುಚ್ಚಳ ಸರಿಸಿದ. ಒಳಗಿಂದ ನೀಲಿ ಹೂವಿನ ಬಟ್ಟೆಯ ತುಂಡೊಂದು ಹೊರಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಹಿಡಿ ಹತ್ತಿ. ಇಷ್ಟೆಲ್ಲದರ ನಡುವೆ ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕು ತೊಟ್ಟಿಲ ಕೂಸಿನ ಹಾಗೆ ಬೆಚ್ಚಗೆ ಮಲಗಿತ್ತು.

"ಇದೇನಮ್ಮ ಇದು?"

"ಒಳಗೆ ಲೊಡಲೊಡ ಅಂತಿತ್ತು. ಪಿನ್ನು ಬೇರೆ ಸರಿಯಾಗಿ ಕೂರ್ತಿರಲಿಲ್ಲ. ಅದಕ್ಕೇ ಸ್ವಲ್ಪ ಬಿಗಿ ಮಾಡಿದೆ," ಎಂದಳು ಅವಳು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುವುದು.

ಪಕ್ಕದಲ್ಲಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. "ಅತ್ತಿಗೆ, ಇಷ್ಟು ದೊಡ್ಡ ಕೇಸು ಯಾಕೆ ತಂದ್ರಿ? ಡಿಸ್ಕೇನು ಮಗುನಾ, ಮುಂದಿನ ವರ್ಷಕ್ಕೆ ಬೆಳೆಯುತ್ತೆ ಅಂತ ಅಂಗಿ ಸಡಿಲ ಹೊಲಿಯೋಕೆ?"

ಆದದ್ದೂ ಅದೇ. ಮೊದಲ ಸಲ ಕೇಸು ಕೊಳ್ಳಲು ಟೈಲರಮ್ಮ ಒಬ್ಬಳೇ ಬಂದಿದ್ದಳು. ಡಿಸ್ಕನ್ನು ಬೀದಿಯಲ್ಲಿ ಹಿಡಿದುಕೊಂಡು ಹೋಗಲು ಭಯವಾಗಿ, ಅದನ್ನು ಮನೆಯಲ್ಲೇ ಬಿಟ್ಟು ಟೇಪು ಹಿಡಿದು ಅಳತೆ ತೆಗೆದುಕೊಂಡಿದ್ದಳು. ಅಳತೆ ಸರಿಯಾಗಿಯೇ ಇತ್ತು. ಆದರೆ ಅಂಗಡಿಯಲ್ಲಿ ಅದನ್ನು ಹೇಳುವಾಗ, ಇಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಸುತ್ತಲೂ ಒಂದಿಷ್ಟು ಸಡಿಲ ಸೇರಿಸಿಯೇ ಹೇಳಿದ್ದಳು. ಮೈಗೆ ಅಂಟಿದಂತೆ ಹೊಲಿದರೆ ಯಾರಿಗೆ ತಾನೇ ಉಸಿರಾಡಲಾಗುತ್ತದೆ?

"ಬಟ್ಟೆ ಸುತ್ತಿದ್ರೆ ಡಿಸ್ಕು ಬಿಸಿಯಾಗುತ್ತೆ," ಅಂಗಡಿಯವನು ಅದನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದ. "ಹೀಗೆ ಅಲ್ಲಾಡಿಸಿಕೊಂಡು ತಂದ್ರೆ ಕೆಟ್ಟೂ ಹೋಗಬಹುದು. ಕಂಪ್ಯೂಟರಿಗೆ ಹಾಕಿದಾಗ ಟಿಕ್ ಟಿಕ್ ಅಂದ್ರೆ ಆಸೆ ಬಿಟ್ಟುಬಿಡಿ. ಏನಿದೆ ಇದರಲ್ಲಿ?"

ಟೈಲರಮ್ಮ ಡಿಸ್ಕಿಗೆ ಕೈ ಚಾಚಿದಳು. "ನಮ್ಮ ಯಜಮಾನರ ಧ್ವನಿ," ಎಂದಳು.

ಅಂಗಡಿಯವನು ಮುಖ ಸಣ್ಣದು ಮಾಡಿದ. "ಅಯ್ಯೋ, ಇದ್ದಾರೆ, ಇದ್ದಾರೆ!" ಎಂದು ನಾದಿನಿ ಗಾಬರಿಯಿಂದ ತಿದ್ದಿದಳು. "ಅಣ್ಣ ಮನೇಲೇ ಇದ್ದಾನೆ. ಮಾತು ಮಾತ್ರ ಹೋಗಿದೆ."

ಟೈಲರಮ್ಮನ ಗಂಡ ರೈಲು ನಿಲ್ದಾಣದಲ್ಲಿ ಗಾಡಿಗಳು ಬಂದುಹೋಗುವುದನ್ನು ಮೈಕಿನಲ್ಲಿ ಹೇಳುವ ಕೆಲಸದಲ್ಲಿದ್ದವನು. ಮನೆಯಲ್ಲೂ ಲ್ಯಾಪ್‌ಟಾಪಿನ ಮುಂದೆ ಕೂತು ಅದನ್ನೇ ಹೇಳಿ, ರೆಕಾರ್ಡು ಮಾಡಿ, ಮತ್ತೆ ಕೇಳಿ ತಿದ್ದಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಹೌದಿಗೂ ಇಲ್ಲಕ್ಕೂ ಈಗ ಅವನದು ಒಂದೇ ತಲೆಯಾಡಿಕೆ. ಮಾತು ಕಲಿಸುವ ಡಾಕ್ಟರಮ್ಮ, ಅವನ ಹಳೆಯ ಧ್ವನಿಯನ್ನೇ ಅವನಿಗೆ ಕೇಳಿಸಿ ನೋಡೋಣ ಎಂದಿದ್ದರು. ಅಷ್ಟರಲ್ಲಿ ಲ್ಯಾಪ್‌ಟಾಪೂ ಕಣ್ಣು ಮುಚ್ಚಿತ್ತು. ಉಳಿದದ್ದು ಈ ಡಿಸ್ಕು ಒಂದೇ.

ಅಂಗಡಿಯವನು ಎರಡು ಚಿಕ್ಕ ಕೇಸುಗಳನ್ನು ಗಾಜಿನ ಮೇಲೆ ಇಟ್ಟ. ಒಂದು ಒಳಗಿನದೆಲ್ಲ ಕಾಣುವ ಪಾರದರ್ಶಕ ಪ್ಲಾಸ್ಟಿಕ್ಕಿನದು, ಇನ್ನೊಂದು ಬೂದು ಬಣ್ಣದ ಅಲ್ಯೂಮಿನಿಯಮ್ಮಿನದು. "ಇದು ನೋಡೋಕೆ ಚೆಂದ. ಅದು ಬಿಸಿಯನ್ನ ಹೊರಗೆ ಬಿಡುತ್ತೆ. ಕೈ ಇಟ್ರೆ ಒಳಗೆ ಡಿಸ್ಕು ತಿರುಗೋದು ಗೊತ್ತಾಗುತ್ತೆ."

ಟೈಲರಮ್ಮ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಬಟ್ಟೆ ಆರಿಸುವಾಗಲೂ ಅವಳು ಹೀಗೆಯೇ. ಬೀದಿಯ ಸದ್ದೆಲ್ಲ ಎಲ್ಲೋ ದೂರಕ್ಕೆ ಸರಿದು, ಮುಚ್ಚಿದ ಕಣ್ಣಿನೊಳಗೆ ಒಂದು ಗಾಡಿ ನಿಧಾನವಾಗಿ ಬಂದು ನಿಂತಂತಾಯಿತು. ಯಾರೂ ಇಳಿಯಲಿಲ್ಲ.

"ಅಲ್ಯೂಮಿನಿಯಮ್ಮಿನದೇ ಕೊಡಿ," ಎಂದಳು.

ಅವನು ಡಿಸ್ಕನ್ನು ಒಳಗೆ ತಳ್ಳಿದ. ಕೂದಲೆಳೆ ಸಡಿಲವೂ ಇಲ್ಲದೆ ಅದು ಕೂತುಕೊಂಡಿತು. ಅವಳಿಗೆ ಯಾಕೋ ಅಯ್ಯೋ ಪಾಪ ಅನ್ನಿಸಿತು.

ಮನೆಗೆ ಬಂದಾಗ ಇಳಿಬಿಸಿಲು ಕಿಟಕಿಯ ಪರದೆಯಿಂದ ಸೋಸಿ ಬಂದು ಕೋಣೆಯನ್ನೆಲ್ಲ ಹಳದಿ ಮಾಡಿತ್ತು. ಹೊಲಿಗೆ ಮಿಷನ್ನಿನ ಮೇಲೆ ನೂಲಿನ ಎಳೆಗಳು ಇಳಿಯುವ ಮನಸ್ಸಿಲ್ಲದೆ ತೇಲುತ್ತಿದ್ದವು. ಗಂಡ ಕಿಟಕಿಯ ಬಳಿ, ಯಾವುದೋ ಗಾಡಿಗೆ ಕಾಯುವವನಂತೆ ಕೂತಿದ್ದ.

"ಬಂದ್ವಿ ರೀ. ಟೀ ಮಾಡ್ಲಾ? ಬೇಕು ಅಲ್ವಾ? ಬೇಕು, ಬೇಕು," ಎನ್ನುತ್ತಲೇ ಅವಳು ಒಲೆ ಹಚ್ಚಿದಳು. ಅವನ ಮಾತು ನಿಂತಂದಿನಿಂದ ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಮನೆಯಲ್ಲಿ ಮೌನ ಬಂದು ಕೂತರೆ ಮತ್ತೆ ಏಳುವುದಿಲ್ಲವೇನೋ ಎಂದು ಅವಳಿಗೆ ಭಯ. ಲೋಟವನ್ನು ಅವನ ಮುಂದಿಟ್ಟಳು. ಅವನು ಎಂದಿನಂತೆ ತಲೆಯಾಡಿಸಿದ.

ನಾದಿನಿ ತನ್ನ ಲ್ಯಾಪ್‌ಟಾಪಿಗೆ ಕೇಸಿನ ವೈರು ಸೇರಿಸಿದಳು. ನೋಡುತ್ತ ಕೂರಲಾರದೆ ಟೈಲರಮ್ಮ ಅರ್ಧ ಹೊಲಿದ ಅಂಗಿಯೊಂದನ್ನು ಮಡಿಲಿಗೆಳೆದುಕೊಂಡು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಟಿಕ್ ಅನ್ನಬೇಡ ಮಾರಾಯ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಟಿಕ್ ಅನ್ನಲಿಲ್ಲ. ಕೇಸಿನ ಪುಟ್ಟ ದೀಪ ಹತ್ತಿತು. ನಾದಿನಿ ಅಣ್ಣನ ಕೈಯನ್ನು ಅದರ ಮೇಲೆ ಇಟ್ಟಳು. ಅವಳು ಒಂದು ರೆಕಾರ್ಡು ಹಚ್ಚಿದ್ದೇ ಕೋಣೆಯಲ್ಲಿ ಅವನ ಧ್ವನಿ ತುಂಬಿಕೊಂಡಿತು.

"ಪ್ರಯಾಣಿಕರ ಗಮನಕ್ಕೆ. ಗಾಡಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ..."

ಆ ಧ್ವನಿಯ ಹಿಂದೆಯೇ ಟೈಲರಮ್ಮನ ಮಿಷನ್ನು ಓಡುವ ಸದ್ದು. ಆ ದಿನಗಳಲ್ಲಿ ಅದು ಅಷ್ಟು ಗಟ್ಟಿಯಾಗಿ ಓಡುತ್ತಿತ್ತೇ? ಇತ್ತ ಕಿಟಕಿಯ ಬಳಿ ಅವನ ತುಟಿಗಳು ಅಲುಗಿದವು. ಆಮೇಲೆ ರೆಕಾರ್ಡಿನೊಳಗಿನ ಮಿಷನ್ನು ನಿಂತಿತು. ಅಂದಿನ ಅವಳು ಕೇಳಿದಳು: "ರೀ, ಟೀ ಮಾಡ್ಲಾ?"

ಅಲ್ಲಿ ಉತ್ತರವಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಏನನ್ನೋ ತಿದ್ದುತ್ತಿದ್ದಿರಬೇಕು. ಅಂದಿನ ಅವಳು ಸುಮ್ಮನೆ ಕಾಯುತ್ತಿದ್ದಳು. ಇಂದಿನವಳಿಗೆ ತಡೆಯಲಾಗಲಿಲ್ಲ, ಅವನ ಪರವಾಗಿ ಹೇಳಹೊರಟಳು. ಬಾಯಿ ತುಂಬ ಸೂಜಿ.

ನೂಲೆಳೆಗಳು ಇನ್ನೂ ತೇಲುತ್ತಿದ್ದವು. ಕಿಟಕಿಯ ಬಳಿ ಗಂಟಲು ಕೆರೆದ ಸದ್ದಾಯಿತು. ಅವನು ಕೇಸನ್ನು ಬಿಗಿಯಾಗಿ ಹಿಡಿದು, ಬಹಳ ದೂರದಿಂದ ಏನನ್ನೋ ಎಳೆದು ತರುವವನಂತೆ ಹುಬ್ಬು ಗಂಟಿಕ್ಕಿದ್ದ.

"ಬೇಡ," ಎಂದ.

ನಾದಿನಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ತಿಂಗಳು ತಾನು ಮುಂದಿಟ್ಟ ಲೋಟಗಳೆಲ್ಲ ಟೈಲರಮ್ಮನ ಕಣ್ಣ ಮುಂದೆ ಸಾಲಾಗಿ ನಿಂತವು. ಅವನು ಅವಳನ್ನೇ ನೋಡುತ್ತ, ಈ ಸಲ ಸ್ವಲ್ಪ ಸಿಟ್ಟಿನಿಂದಲೇ, ಇನ್ನೊಮ್ಮೆ ಹೇಳಿದ: "ಬೇಡ."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮಡಿಲ ಬಟ್ಟೆಗೆ ಚುಚ್ಚಿದಳು. ಕಣ್ಣು ಮಂಜಾಗಿ ಒಂದು ಬೆರಳಿಗೂ ಚುಚ್ಚಿತು. ಆಮೇಲೆ ಎದ್ದು ಹೋಗಿ ಅವನ ಮುಂದಿದ್ದ ಲೋಟ ಎತ್ತಿಕೊಂಡಳು. ಅಲ್ಲೇ ನೆಲದ ಮೇಲೆ, ಅವನ ಕಾಲ ಬಳಿ ಕೂತು, ಕೆನೆಗಟ್ಟಿ ತಣ್ಣಗಾಗಿದ್ದ ಟೀಯನ್ನು ಒಂದೂ ಮಾತಾಡದೆ ತಾನೇ ಕುಡಿದಳು.